ಕಾಲು ಯೂನಿಟ್‌ಗಾಗಿ ಕೆಂಪಿಯ ಹನ್ನೆರಡು ಕಿಟಕಿ

ನಂಜುಂಡನ್ ತೀರಿಕೊಂಡ ಸುದ್ದಿ ಬಂದದ್ದು ಮಾರ್ಚ್ ಹನ್ನೊಂದರ ಬೆಳಗ್ಗೆ ಐದೂವರೆಗೆ. ಆಸ್ಪತ್ರೆಯಿಂದ ಫೋನು ಬಂದಾಗ ಕೆಂಪಿ ಕಟ್ಟಬೆಟ್ಟಿನ ಹಳೆಯ ಟೀ ಫ್ಯಾಕ್ಟರಿಯ ಮಹಡಿಯಲ್ಲಿ ಏಳನೆಯ ಕಿಟಕಿ ತೆರೆಯುತ್ತಿದ್ದರು. ಉಳಿದ ಐದನ್ನೂ ತೆರೆದು, ಆಮೇಲೆ ಕುಳಿತು ಅತ್ತರು. ನಂಜುಂಡನ್ ನನ್ನ ತಮ್ಮ. ಆ ಕಟ್ಟಡದ ಎಲೆಕ್ಟ್ರಿಷಿಯನ್.

ಈಗ ಅಲ್ಲಿ ಟೀ ಇಲ್ಲ. ಎಲೆ ಬಾಡಿಸುತ್ತಿದ್ದ ಉದ್ದನೆಯ ಮಹಡಿಯಲ್ಲಿ ಡೇಟಾ ಸೆಂಟರ್ ಇದೆ. ನಾವು ಫೋನಿನಲ್ಲಿ ಕಳಿಸುವ ಚಿತ್ರ, ಬ್ಯಾಂಕಿನ ವ್ಯವಹಾರ, ಕಂಪ್ಯೂಟರನ್ನು ಕೇಳುವ ಪ್ರಶ್ನೆ ಎಲ್ಲವೂ ಇಂಥ ಕೋಣೆಗಳಲ್ಲೇ ನಡೆಯುತ್ತವೆ. ಯಂತ್ರಗಳು ಹಗಲಿರುಳು ಬಿಸಿಯಾಗುತ್ತವೆ. ಅವುಗಳ ಕರೆಂಟಿನ ಹಸಿವು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಅವನ್ನು ತಣಿಸುವ ಏಸಿಗಳದು ಬೇರೆ ಹಸಿವು. ಮೊದಲ ವರ್ಷ ಇಲ್ಲಿ ಯಂತ್ರಗಳಿಗೆ ಒಂದು ಯೂನಿಟ್ ಕರೆಂಟ್ ಹೋದರೆ ತಂಪಿಗೆ ಮುಕ್ಕಾಲು ಯೂನಿಟ್ ಹೋಗುತ್ತಿತ್ತು. ಬೆಟ್ಟದ ಗಾಳಿ ಹೊರಗೆ ಬೀಸುತ್ತಿರುವಾಗ ಒಳಗೆ ಏಸಿ ಏಕೆ ಎಂದು ಕೇಳಿದವನು ನನ್ನ ತಮ್ಮ. ಗಾಳಿ ಬಲ್ಲವರು ಬೇಕೆಂದು ಅವನು ಕರೆತಂದದ್ದು ಕೆಂಪಿಯನ್ನು.

ಕೆಂಪಿ ನಮ್ಮ ಹಟ್ಟಿಯ, ಅಂದರೆ ನಮ್ಮ ಊರಿನವರೇ; ಒಡಹುಟ್ಟಿದವರಲ್ಲದಿದ್ದರೂ ನನ್ನ ತಮ್ಮನನ್ನು ಅಣ್ಣ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತನಾಲ್ಕು. ಗಂಡ ಹೋಗಿ ಹದಿನೈದು ವರ್ಷ. ಅದೇ ಮಹಡಿಯಲ್ಲಿ ಇಪ್ಪತ್ತಾರು ವರ್ಷ ಎಲೆ ಬಾಡಿಸಿದವರು. ಎಲೆ ಬಾಡಿಸುವಾಗ ಅರ್ಧ ಹೊತ್ತು ಕಳೆದ ಮೇಲೆ ಗಾಳಿಯ ದಿಕ್ಕು ತಿರುಗಿಸುವುದು ರೂಢಿ. ಇಲ್ಲವಾದರೆ ಕೆಳಗಿನ ಎಲೆ ಒಣಗಿ ಮೇಲಿನದು ಹಸಿ ಉಳಿಯುತ್ತದೆ. ಹೊಸ ಕೆಲಸದ ಮೂರನೆಯ ದಿನ ಮಧ್ಯಾಹ್ನ, ಕೈಯ ರೂಢಿಯಂತೆ, ಯಾರನ್ನೂ ಕೇಳದೆ ಫ್ಯಾನುಗಳ ದಿಕ್ಕು ತಿರುಗಿಸಿಬಿಟ್ಟರು. ಯಂತ್ರಗಳ ಬೆನ್ನಿನ ಬಿಸಿಗಾಳಿ ಅವುಗಳ ಮುಖಕ್ಕೇ ಹೊಡೆಯಿತು. ಅಲಾರಂ ಕೂಗಿತು.

"ಏನು ತಂಗಿ, ಮೆಷಿನನ್ನೂ ಬಾಡಿಸಿ ಟೀಪುಡಿ ಮಾಡ್ತೀಯಾ?" ಎಂದನಂತೆ ನಂಜುಂಡನ್.

"ಹಂಗೆ ಆದರೆ ಮೊದಲ ಗ್ಲಾಸು ನಿನಗೇ ಅಣ್ಣ," ಎಂದರಂತೆ ಈಕೆ.

ಬಿಸಿಗಾಳಿಯೂ ತಂಪುಗಾಳಿಯೂ ಬೆರೆತರೆ ಎಷ್ಟು ಕೆಡುತ್ತದೆಂಬುದು ಅಂದು ಕಣ್ಣಿಗೆ ಕಂಡಿತು. ಇಬ್ಬರೂ ಯಂತ್ರಗಳ ಸಾಲುಗಳ ನಡುವೆ ದಪ್ಪ ಪ್ಲಾಸ್ಟಿಕ್ ಪರದೆ ಕಟ್ಟಿದರು. ಕಿಟಕಿಯ ಪಕ್ಕದಲ್ಲಿ ಈಗಲೂ ಎರಡು ಥರ್ಮಾಮೀಟರ್ ತೂಗುತ್ತವೆ, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಎರಡರ ಅಂತರ ಕಡಿಮೆಯಾದರೆ ಗಾಳಿಯಲ್ಲಿ ನೀರು ಹೆಚ್ಚು ಎಂದು ಅರ್ಥ; ಆ ನೀರು ಒಳಗೆ ಕೂತರೆ ಯಂತ್ರ ಕೆಡುತ್ತದೆ. ಕೆಂಪಿ ದಿನಕ್ಕೆ ಹದಿನಾಲ್ಕು ಸಲ ಅದನ್ನು ನೋಡಿ ಕಿಟಕಿಗಳನ್ನು ಹೊಂದಿಸುತ್ತಾರೆ.

"ಮಂಜು ಬಂದರೆ ಎಲ್ಲಾ ಮುಚ್ಚೋದಿಲ್ಲ. ಹಿಂದಿನ ಬಿಸಿಯನ್ನ ಸೊಲ್ಪ ಬೆರೆಸೋದು. ಟೀಗೂ ಹಂಗೇ ಮಾಡ್ತಿದ್ದೆವು. ಇದು ಎನಗ ಯಾರೂ ಹೇಳಿಕೊಟ್ಟದ್ದಲ್ಲ," ಎನ್ನುತ್ತಾರೆ.

ಈ ಮಾರ್ಚ್ ಪರೀಕ್ಷೆಯ ತಿಂಗಳು. ಯಂತ್ರದ ಒಂದು ಯೂನಿಟ್ಟಿಗೆ ತಂಪಿನ ಖರ್ಚು ಕಾಲು ಯೂನಿಟ್ಟಿನೊಳಗೆ ನಿಲ್ಲದಿದ್ದರೆ ಯಂತ್ರಗಳನ್ನು ಬಯಲುಸೀಮೆಗೆ ಸಾಗಿಸುವುದಾಗಿ ಮಾಲೀಕರು ಹೇಳಿದ್ದರು. ಕೆಂಪಿ ಸೇರಿ ಒಂಬತ್ತು ಹೆಂಗಸರ ಕೆಲಸವೂ ಅದರೊಡನೆ ಹೋಗುತ್ತಿತ್ತು. ಸಾವಾದ ದಿನ ನಮ್ಮ ಹಟ್ಟಿಯವರು ಕೆಲಸಕ್ಕೆ ಹೋಗುವುದಿಲ್ಲ. ಗಾಳಿ ಬಲ್ಲವರು ಕಿಟಕಿ ನೋಡದಿದ್ದರೆ ಏಸಿಗಳು ತಾವಾಗಿ ಓಡುತ್ತವೆ. ಒಂದು ದಿನ ಓಡಿದರೆ ತಿಂಗಳೇ ಕೆಡುತ್ತದೆ. ಅಂದು ಬೆಳಗ್ಗೆ ಕೆಂಪಿ ಮಹಡಿಯಿಂದ ನೇರವಾಗಿ ಹಟ್ಟಿಯ ಹಿರಿಯರಾದ ದೇವ ಗೌಡರ ಮುಂದೆ ಬಂದು ನಿಂತರು.

"ಮೆಷಿನ್ ನಿನಗೆ ನೆಂಟನಾ, ಕೆಂಪಿ?" ಎಂದರು ಗೌಡರು.

"ಮೆಷಿನ್ ಅಲ್ಲ, ಗೌಡರೆ. ಅದು ಅಣ್ಣ ಕೂಡಿಸಿದ ಕೆಲಸ. ಅವನು ಹೋದ ದಿನವೇ ನಾವು ಅದನ್ನ ಕೆಡಿಸೋದಾ?"

ಗೌಡರು ಫ್ಯಾಕ್ಟರಿಯ ಕಡೆ ಕೈ ತೋರಿದರು. "ಹೋಗು. ಕ್ಷಮೆ ಬೇಡುವ ಹೊತ್ತಿಗೆ ಇಲ್ಲಿರಬೇಕು."

ಕೆಂಪಿ ಮಧ್ಯಾಹ್ನ ಎರಡು ಗಂಟೆಗೆ ಹಟ್ಟಿಗೆ ಮರಳಿದರು. ಸತ್ತವನ ಪಾಪಗಳನ್ನು ಗೌಡರು ಒಂದೊಂದಾಗಿ ಹೇಳಿ ಮನ್ನಿಸಬೇಕೆಂದು ಬೇಡುತ್ತಿದ್ದಾಗ, ನೆರೆದವರೆಲ್ಲ "ಪಾಪವೇ" ಎಂದು ದನಿಗೂಡಿಸುತ್ತಿದ್ದಾಗ, ಮೇಲಿನ ಬೆಟ್ಟದಿಂದ ಮಂಜು ಇಳಿಯಿತು. ಮಹಡಿಯಲ್ಲಿ ಕಾವಲಿದ್ದ ಇಂಜಿನಿಯರ್ ಸರಣ್ಯಾ ಫೋನು ಮಾಡಿದಳು: "ಅಕ್ಕಾ, ಅಂತರ ಒಂದೇ ಡಿಗ್ರಿ! ಏಸಿ ಹಾಕ್ಲಾ?"

ಕೆಂಪಿ ಸೆರಗಿನೊಳಗೆ ಫೋನು ಹಿಡಿದು ಪಿಸುಗುಟ್ಟಿದರು: "ಮುಟ್ಟಬೇಡ ಕೂಸೆ. ಮಂಜಿನ ಕಡೆಯ ನಾಲ್ಕು ಮುಚ್ಚು. ಹಿಂದಿನ ಪರದೆ ಒಂದು ಮೊಳ ಎತ್ತು."

ಪಕ್ಕದಲ್ಲಿದ್ದ ಹಟ್ಟಿಯ ಹಿರಿಯ ಹೆಂಗಸು ಚನ್ನಮ್ಮ, ಈ ಹೊತ್ತಿನಲ್ಲೂ ಫೋನೇ ಎಂದು ಗದರಿದರು. ಕೆಂಪಿ ಕೈಮುಗಿದು, ಎಲ್ಲರಿಗಿಂತ ಗಟ್ಟಿಯಾಗಿ "ಪಾಪವೇ" ಎಂದರು. ಅಂದು ಏಸಿ ಓಡಲಿಲ್ಲ.

ತಿಂಗಳ ಲೆಕ್ಕ ಕಾಲು ಯೂನಿಟ್ಟಿಗಿಂತ ಕೂದಲೆಳೆಯಷ್ಟು ಕೆಳಗೆ ನಿಂತಿದೆ. ಯಂತ್ರಗಳು ಇಲ್ಲೇ ಉಳಿಯುತ್ತವೆ. ಒಂಬತ್ತು ಹೆಂಗಸರ ಕೆಲಸವೂ.

"ಸಂತೋಷವಾ?" ಎಂದು ಕೆಂಪಿಯನ್ನು ಕೇಳಿದೆ.

"ಅಣ್ಣ ಇದ್ದಿದ್ದರೆ ಬೈತಿದ್ದ, ದೊಡ್ಡಣ್ಣ, ಇನ್ನೂ ಇಳಿಸಬಹುದಿತ್ತು ಅಂತ. ಇಳಿಸ್ತೇನೆ. ಎನ್ನ ಕೈಕಾಲು ಗಟ್ಟಿ ಇರುವಾಗಲೇ ಸರಣ್ಯಾಗೂ ಕಲಿಸಬೇಕು. ಅಷ್ಟೇ ಎನ್ನ ಆಸೆ."

ನಮ್ಮ ಕುಲದೇವಿ ಹೆತ್ತೆ ತಾಯೇ, ನನ್ನ ತಮ್ಮ ತಿಳಿದು ಮಾಡಿದ ತಪ್ಪನ್ನೂ ತಿಳಿಯದೆ ಮಾಡಿದ ತಪ್ಪನ್ನೂ ಮನ್ನಿಸು. ಅವನನ್ನು ನಿನ್ನ ಪಾದದ ಬಳಿ ಇರಿಸಿಕೊಂಡು ಶಾಂತಿ ಕೊಡು.