ಇಳಿಜಾರಿನಲ್ಲಿ ಕೀ ಆಫ್

ಪೆಟ್ರೋಲ್ ಉಳಿಸುವ ವಿದ್ಯೆಯಲ್ಲಿ ಬಾಳೂರಿನಿಂದ ಕಳಸದವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದು ತುಂಬಾ ವರ್ಷ ನಂಬಿಕೊಂಡಿದ್ದೆ. ನಂಬಿಕೊಂಡು ಸುಮ್ಮನೆ ಕೂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಸಿಕ್ಕವರಿಗೆಲ್ಲ ಪಾಠ ಮಾಡುತ್ತಿದ್ದೆ.

ಘಟ್ಟದ ಮೇಲಿನ ಬಂಕಿಗಿಂತ ಕೆಳಗಿನ ಬಂಕಿನಲ್ಲಿ ಲೀಟರಿಗೆ ರೂಪಾಯಿ ಚಿಲ್ಲರೆ ಕಡಿಮೆ. ಹಾಗಾಗಿ ಕಾರ್ಕಳದ ಕಡೆ ಮದುವೆಯೋ ಆಸ್ಪತ್ರೆಯೋ ಬಿತ್ತೆಂದರೆ ಟ್ಯಾಂಕು ತಳ ಕಾಣುವ ಹಾಗೆ ನೋಡಿಕೊಂಡು ಕುದುರೆಮುಖದ ದಾರಿ ಇಳಿಯುತ್ತಿದ್ದೆ, ಅಲ್ಲಿ ಫುಲ್ ಮಾಡಿಸಿಕೊಂಡು ಹತ್ತುತ್ತಿದ್ದೆ. ಬಂಕಿನ ಮೀಟರು ಸೊನ್ನೆಗೆ ಬರುವವರೆಗೆ ಟ್ಯಾಂಕಿನ ಮುಚ್ಚಳ ತೆಗೆಯಲು ಬಿಡುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಚಕ್ರದ ಗಾಳಿ ನೋಡಿಸುತ್ತಿದ್ದೆ. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಮರೆತುಕೊಂಡು ವಾರಗಟ್ಟಲೆ ತಿರುಗುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಇವೆಲ್ಲ ಇವತ್ತಿಗೂ ಸರಿಯೇ, ಬೇಕಾದವರು ಮಾಡಬಹುದು.

ನಾನು ಹೇಳಬೇಕಾಗಿರುವುದು ಇನ್ನೊಂದರ ಬಗ್ಗೆ.

ನಮ್ಮಪ್ಪನ ಹತ್ತಿರ ಒಂದು ಹಳೇ ಜೀಪಿತ್ತು. ಇಳಿಜಾರು ಶುರುವಾಯಿತೆಂದರೆ ಅಪ್ಪ ನ್ಯೂಟ್ರಲ್ ಮಾಡಿ ಕೀ ಆಫ್ ಮಾಡುತ್ತಿದ್ದರು. ಇಂಜಿನ್ನಿನ ಸದ್ದು ನಿಲ್ಲುತ್ತಿತ್ತು. ಚಕ್ರದ ಕೆಳಗೆ ಜಲ್ಲಿ ಸಿಡಿಯುವುದು, ಹಿಂದೆ ಕೂತ ಆಳುಗಳ ಮಾತು ಎಲ್ಲ ಒಮ್ಮೆಲೇ ಕೇಳಿಸಲು ಶುರುವಾಗುತ್ತಿತ್ತು. ಕೆಳಗಿನ ಸೇತುವೆ ದಾಟಿ ಏರು ಸಿಕ್ಕಿದ ಮೇಲೇ ಮತ್ತೆ ಇಂಜಿನ್. ಇಳಿಯುವಾಗ ಎಣ್ಣೆ ಸುಡುವವನು ಮನೆ ಕಟ್ಟುವುದಿಲ್ಲ ಎನ್ನುತ್ತಿದ್ದರು. ಅಪ್ಪ ಒಬ್ಬರೇ ಅಲ್ಲ, ಆ ಕಾಲಕ್ಕೆ ನಮ್ಮ ಕಡೆ ಜೀಪು ಇದ್ದವರೆಲ್ಲ ಹಾಗೆಯೇ ಇಳಿಸುತ್ತಿದ್ದರು. ಇಂಜಿನ್ ಹಾಕಿಕೊಂಡು ಇಳಿಸುವವನನ್ನು ಡ್ರೈವರ್ ಎಂದು ಯಾರೂ ಒಪ್ಪುತ್ತಿರಲಿಲ್ಲ. ನಾನು ಕಲಿತದ್ದು ಆ ಜೀಪಿನಲ್ಲಿ. ಕಾರು ತೆಗೆದುಕೊಂಡ ಮೇಲೂ ಅದನ್ನೇ ಮುಂದುವರಿಸಿದೆ. ನಮ್ಮ ಮನೆಯ ಕಡೆ ಇಳಿಜಾರುಗಳು ಗಿಡ್ಡ, ಬ್ರೇಕು ಒಂದೋ ಎರಡೋ ಸಲ ಒತ್ತುವುದರೊಳಗೆ ಮುಗಿದುಹೋಗುತ್ತವೆ. ಹಾಗಾಗಿ ನನಗೆ ಏನೂ ಆಗಲಿಲ್ಲ.

ನನ್ನ ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆ ಮಾಡಿ ಕೊಟ್ಟದ್ದು ಕಳಸದ ಹತ್ತಿರದ ಸಂಸೆಗೆ. ಅವಳ ಕೈಯ ಕಡುಬು, ಅಕ್ಕಿ ರೊಟ್ಟಿ ತಿಂದವರು ಅಕ್ಕಪಕ್ಕದ ಹೋಂಸ್ಟೇಗಳಿಗೆ ಹೇಳಿ, ಅವರು ಬೆಳಗಿನ ತಿಂಡಿಗೆ ಇವಳ ಹತ್ತಿರ ಮಾಡಿಸಲು ಶುರು ಮಾಡಿದರು. ಆದರೆ ಒಯ್ಯಲು ಅವರ ಜೀಪು ಬರಬೇಕು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಳಗಿನ ಜಾವ ಎದ್ದು ಬೇಯಿಸಿದ ನೂರು ಕಡುಬು ಎಷ್ಟೋ ಸಲ ಮನೆಯ ದನಕ್ಕೆ ಹೋಗಿದೆ. ಕೊನೆಗೆ ಅಕ್ಕ ತನ್ನ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಕಳಸಕ್ಕೆ ಹೋಗಿ ಕಾರು ಕಲಿತಳು. ಚೀಟಿ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ತಂದಳು. ಬಿಳಿ ಬಣ್ಣದ್ದು, ಎಡಗಡೆ ಬಾಗಿಲಿಗೆ ಮೊದಲೇ ಒಂದು ಗುಳಿ ಬಿದ್ದಿತ್ತು.

ಭಾವ ಕೆಟ್ಟವರಲ್ಲ. ಆದರೆ ಹೆಂಡತಿ ಕಾರು ಬಿಡುವುದನ್ನು ಅವರ ಮನಸ್ಸು ಒಪ್ಪಲಿಲ್ಲ. ಬೇಡ ಎಂದು ನೇರವಾಗಿ ಹೇಳಲಾಗದೆ ಒಂದು ಷರತ್ತು ಹಾಕಿದರು. ಅವತ್ತು ನಾನೂ ಅಲ್ಲೇ ಕೂತಿದ್ದೆ.

"ತಗಳದಾದ್ರೆ ತಗ. ಆದ್ರೆ ಎಣ್ಣೆಗೆ, ರಿಪೇರಿಗೆ ಅಂತ ನನ್ ಹತ್ರ ಒಂದ್ ರೂಪಾಯಿ ಕೇಳ್ಬಾರ್ದು. ಕೇಳಿದ್ ದಿನ ಕಾರು ಹೋತು ಅಂತ ತಿಳ್ಕ."

ಅಕ್ಕ ಆಯ್ತು ಅಂದಳು.

ಆ ನಾಲ್ಕು ತಿಂಗಳು ಅಕ್ಕನನ್ನು ನೀವು ನೋಡಬೇಕಿತ್ತು. ಬೆಳಿಗ್ಗೆ ಆರೂವರೆಗೆ ಹಿಂದಿನ ಸೀಟಿನಲ್ಲಿ ಎರಡು ದೊಡ್ಡ ಪಾತ್ರೆ, ಬಟ್ಟೆ ಸುತ್ತಿ ಬೆಲ್ಟು ಕಟ್ಟಿ ಕೂರಿಸಿದ್ದು. ಮೂರು ಹೋಂಸ್ಟೇ ಮುಗಿಸಿ ಎಂಟಕ್ಕೆ ವಾಪಸ್ಸು. ಬಸ್ಸಿಗೆ ಕಾದು ಕಾದು ಅರ್ಧ ಆಯಸ್ಸು ರಸ್ತೆ ಬದಿಯಲ್ಲೇ ಕಳೆದವಳು ಈಗ ದಾರಿಯಲ್ಲಿ ನಿಂತ ಹೆಂಗಸರನ್ನು ಹತ್ತಿಸಿಕೊಂಡು ಹೋಗುತ್ತಿದ್ದಳು. ಅವಳ ನಡಿಗೆಯೇ ಬದಲಾಗಿತ್ತು.

ಆದರೆ ಆ ಹೋಂಸ್ಟೇಗಳೆಲ್ಲ ಗುಡ್ಡದ ನೆತ್ತಿಯ ಮೇಲೆ. ಏರಿನಲ್ಲಿ ಒಂದು, ಎರಡನೇ ಗೇರಿನಲ್ಲೇ ಹೋಗಬೇಕು. ಒಂದು ದಿನ ಫೋನ್ ಮಾಡಿದಳು.

"ಕಡುಬಿನ್ ದುಡ್ಡೆಲ್ಲ ಬಂಕಿನವ್ನಿಗೇ ಹೋಗ್ತಿದೆ ಕಣೋ. ಹಿಂಗೇ ಆದ್ರೆ ನಿನ್ ಭಾವನ್ ಹತ್ರ ಕೈ ಒಡ್ಡದೇ ಸೈ. ನೀನು ಊರಿಗೆಲ್ಲ ಹೇಳ್ಕೊಡ್ತೀಯಲ, ನಂಗೂ ಎಂತಾರ ಹೇಳು."

ಯಾರಾದರೂ ನನ್ನಲ್ಲಿ ಏನನ್ನಾದರೂ ಕೇಳಿದರೆ ನಾನು ಉಬ್ಬುವ ಜಾತಿ. ಮುಂದಿನ ಭಾನುವಾರವೇ ಸಂಸೆಗೆ ಹೋದೆ. ಗಾಳಿ ನೋಡಿದೆ, ಡಿಕ್ಕಿ ಖಾಲಿ ಮಾಡಿಸಿದೆ. ಆಮೇಲೆ ಅವಳ ಎಡಗಡೆ ಕೂತು ಒಂದು ನೇರ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿಸಿ ಕೀ ಆಫ್ ಮಾಡಿಸಿದೆ. ಕೀ ಪೂರ್ತಿ ಹಿಂದಕ್ಕೆ ತಿರುಗಿಸಬೇಡ, ಸ್ಟೇರಿಂಗ್ ಲಾಕ್ ಆಗುತ್ತದೆ ಎಂದು ಬೇರೆ ಹೇಳಿಕೊಟ್ಟೆ, ಮಹಾ ಎಚ್ಚರಿಕೆಯವನ ಹಾಗೆ.

ಅಕ್ಕನಿಗೆ ಸಮಾಧಾನವಾಗಲಿಲ್ಲ. ಬ್ರೇಕು ಹಿಡಿಯುತ್ತದೆಯೇ ಎಂದು ಕೇಳಿದಳು.

"ಹಿಡೀದೆ ಎಂತಾಗುತ್ತೆ? ಅಪ್ಪ ಜೀವಮಾನ ಪೂರ್ತಿ ಹಿಂಗೇ ಇಳ್ಸಿಲ್ವ?"

"ಅಪ್ಪಂದು ಜೀಪಲ್ವನೋ" ಅಂದಳು.

ನಾನು ನಕ್ಕುಬಿಟ್ಟೆ. ನಾಲ್ಕು ಚಕ್ರ ಇದ್ದದ್ದೆಲ್ಲ ಒಂದೇ ಅಂದೆ. ಅವಳು ಬ್ರೇಕು ಒತ್ತಿ ನೋಡಿದಳು, ಹಿಡಿಯಿತು. ಇನ್ನೊಮ್ಮೆ ಒತ್ತಿದಳು, ಆಗಲೂ ಹಿಡಿಯಿತು. ಅಷ್ಟರಲ್ಲಿ ಇಳಿಜಾರು ಮುಗಿಯಿತು. ಇಷ್ಟೇ ನನ್ನ ಪಾಠ. ಅವತ್ತು ಸಂಜೆ ಮನೆಗೆ ಬಂದು ಪೆಟ್ರೋಲ್ ಉಳಿಸುವ ಬಗ್ಗೆ ಒಂದು ಉದ್ದ ಪೋಸ್ಟ್ ಹಾಕಿದೆ. ಕೊನೆಯ ನಾಲ್ಕು ಸಾಲು ಇಳಿಜಾರಿನದು: ಐವತ್ತರ ಹತ್ತಿರದ ನನ್ನ ಅಕ್ಕನೇ ಮಾಡುತ್ತಾಳೆ, ನಿಮಗೇನು ಕಷ್ಟ ಎಂದು. ನಾನು ಬರೆದ ಯಾವುದಕ್ಕೂ ಅಷ್ಟು ಲೈಕು ಬಂದಿರಲಿಲ್ಲ. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಗುರುತಿಲ್ಲದವರು ಬಂದು ಕೈ ಕುಲುಕಿದರು.

ಮೂರು ವಾರ ಕಳೆಯಿತು. ಅಕ್ಕ ಎರಡು ಸಲ ಫೋನ್ ಮಾಡಿ ವ್ಯತ್ಯಾಸ ಕಾಣಿಸ್ತಿದೆ ಕಣೋ ಅಂದಿದ್ದಳು.

ಆ ಬೆಳಿಗ್ಗೆ ಅವಳು ಎರಡನೆಯದರ ಗುಡ್ಡ ಇಳಿದು ಮೂರನೇ ಹೋಂಸ್ಟೇಗೆ ಹೋಗುತ್ತಿದ್ದಳು. ಅಲ್ಲಿನ ಇಳಿಜಾರು ಉದ್ದ, ನಾಲ್ಕು ತಿರುವು. ಅಷ್ಟು ದಿನ ಗಿಡ್ಡ ಇಳಿಜಾರುಗಳಲ್ಲಿ ಮಾತ್ರ ಮಾಡುತ್ತಿದ್ದವಳು ಅವತ್ತು ಇಲ್ಲೂ ಇಂಜಿನ್ ಆಫ್ ಮಾಡಿದಳು. ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು, ಎರಡನೆಯದರಲ್ಲೂ ಹಿಡಿಯಿತು. ಮೂರನೆಯದರಲ್ಲಿ ಪೆಡಲು ಕಲ್ಲಾಯಿತು. ಎಷ್ಟು ತುಳಿದರೂ ಕೆಳಗಿಳಿಯಲಿಲ್ಲ. ಸ್ಟೇರಿಂಗೂ ಬಿಗಿಯಾಗಿತ್ತು. ಎದುರಿಗೆ ಬಸ್ಸು ಹತ್ತಿಕೊಂಡು ಬರುತ್ತಿತ್ತು. ಬಲಕ್ಕೆ ಬಸ್ಸು, ಎಡಕ್ಕೆ ಮೊದಲು ಕಣಿವೆ, ಸ್ವಲ್ಪ ಮುಂದೆ ಗುಡ್ಡ ಕಡಿದ ಮಣ್ಣಿನ ದರೆ. ಅಕ್ಕ ಎರಡೂ ಕೈಯಲ್ಲಿ ಸ್ಟೇರಿಂಗ್ ಎಳೆದು ಹಿಡಿದು, ಕಣಿವೆ ದಾಟುವವರೆಗೆ ಕಾದು, ಕಾರನ್ನು ದರೆಗೆ ಕೊಟ್ಟಳು. ಅದಕ್ಕಿಂತ ಚೆನ್ನಾಗಿ ಯಾವ ಡ್ರೈವರೂ ಮಾಡಲಾರ. ಬಸ್ಸಿನಲ್ಲಿದ್ದವರಿಗೆ ಒಂದು ಗೀರೂ ಆಗಲಿಲ್ಲ. ಅಕ್ಕನ ಬಲಗೈ ಮಣಿಕಟ್ಟು ಮುರಿಯಿತು.

ನಾನು ಹೋಗಿ ಮುಟ್ಟುವಾಗ ಅವಳನ್ನು ರಸ್ತೆ ಬದಿಯ ಕಲ್ಲಿನ ಮೇಲೆ ಕೂರಿಸಿದ್ದರು. ಕಾರಿನ ಮೂತಿ ದರೆಯೊಳಗಿತ್ತು. ಒಡೆದ ಹಿಂಬಾಗಿಲಿನಿಂದ ಉರುಳಿದ ಕಡುಬುಗಳು ಕೆಮ್ಮಣ್ಣು ಮೆತ್ತಿಕೊಂಡು ರಸ್ತೆ ತುಂಬ ಬಿದ್ದಿದ್ದವು. ಸುತ್ತ ನಿಂತವರ ತೀರ್ಪು ಆಗಲೇ ಮುಗಿದಿತ್ತು. ಹೆಂಗಸರು ಗಾಬರಿಯಲ್ಲಿ ಬ್ರೇಕೆಂದು ಆಕ್ಸಿಲೇಟರ್ ಒತ್ತುತ್ತಾರೆ, ಇದು ಎಲ್ಲ ಕಡೆ ಇದ್ದದ್ದೇ ಎಂದು ಒಬ್ಬರು ಇನ್ನೊಬ್ಬರಿಗೆ ವಿವರಿಸುತ್ತಿದ್ದರು. ಭಾವ ಏನಾಯಿತೆಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಕಾರಿನ ಚಕ್ರ ನೋಡಿದೆ.

"ಎಂತದೋ ಗಾಬ್ರಿ ಆತು" ಅಂದಳು ಅಕ್ಕ.

ಕಾರನ್ನು ಎಳೆಸಿಕೊಂಡು ಹೋದದ್ದು ಕಳಸದ ಒಬ್ಬ ಮೆಕ್ಯಾನಿಕ್ಕಿನ ಗ್ಯಾರೇಜಿಗೆ. ಎರಡು ದಿನ ಬಿಟ್ಟು ನಾನೂ ಭಾವನೂ ಹೋದೆವು. ಭಾವ ಹೊರಗೆ ಫೋನಿನಲ್ಲಿದ್ದಾಗ ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ಕರೆದ.

"ಬ್ರೇಕೆಲ್ಲ ಸರಿ ಇದೆ ಸಾರ್. ಇಂಜಿನ್ ಆಫ್ ಮಾಡ್ಕಂಡು ಇಳ್ಸಿದ್ರ ಅವ್ರು?"

ಗೊತ್ತಿಲ್ಲ ಅಂದೆ. ಅವನು ಗೊತ್ತಿಲ್ಲದವನಿಗೆ ಹೇಳುವ ಹಾಗೆಯೇ ಬಿಡಿಸಿ ಹೇಳಿದ. ಈಗಿನ ಕಾರಿನ ಬ್ರೇಕಿಗೆ ಬೂಸ್ಟರ್ ಎಂಬ ಡಬ್ಬಿಯ ಮೂಲಕ ಇಂಜಿನ್ನೇ ಬಲ ಕೊಡುವುದು. ಆಫ್ ಮಾಡಿದರೆ ಒಳಗೆ ಉಳಿದ ಬಲ ಎರಡು ಮೂರು ಒತ್ತಿಗೆ ಸಾಕು, ಆಮೇಲೆ ಪೆಡಲು ಕಲ್ಲು. ಹಳೇ ಜೀಪಿಗೆ ಆ ಬೂಸ್ಟರೇ ಇರಲಿಲ್ಲ, ಯಾವಾಗಲೂ ಕಾಲಿನ ಬಲದಲ್ಲೇ ನಿಲ್ಲಿಸುತ್ತಿದ್ದದ್ದು, ಹಾಗಾಗಿ ಇಂಜಿನ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಇನ್ನೊಂದು ಮಾತನ್ನೂ ಹೇಳಿದ. ಗೇರಿನಲ್ಲೇ ಇಟ್ಟು, ಆಕ್ಸಿಲೇಟರ್ ಮೇಲಿಂದ ಕಾಲು ತೆಗೆದು ಇಳಿಸಿದರೆ ಈಗಿನ ಇಂಜಿನ್ ತಾನಾಗಿಯೇ ಪೆಟ್ರೋಲ್ ನಿಲ್ಲಿಸುತ್ತದೆ, ಒಂದು ಹನಿಯೂ ಹೋಗುವುದಿಲ್ಲ.

ಅಂದರೆ ಕೀ ಆಫ್ ಮಾಡಿ ಉಳಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅಕ್ಕನ ಪೆಟ್ರೋಲು ಉಳಿದಿದ್ದರೆ ಅದು ಗಾಳಿ ನೋಡಿಸಿದ್ದರಿಂದ, ಡಿಕ್ಕಿ ಖಾಲಿ ಮಾಡಿದ್ದರಿಂದ.

ಭಾವ ಒಳಗೆ ಬಂದು ಬ್ರೇಕ್ ಫೇಲಾಗಿತ್ತಾ ಎಂದು ಕೇಳಿದರು. ಮೆಕ್ಯಾನಿಕ್ ಇಲ್ಲ ಸಾರ್, ಬ್ರೇಕು ಸರಿ ಇದೆ ಎಂದು ಹೇಳಿ ನನ್ನ ಕಡೆ ನೋಡಿದ. ಮುಂದಿನದನ್ನು ಮನೆಯವರೇ ಹೇಳಲಿ ಎಂದು ಬಿಟ್ಟಿರಬೇಕು. ನಾನು ಬಾಯಿ ಬಿಡಲಿಲ್ಲ. ಯಾಕೆ ಎಂದು ನೀವು ಕೇಳುತ್ತೀರಿ, ಹೇಳುತ್ತೇನೆ. ಊರಿಗೆಲ್ಲ ಬುದ್ಧಿ ಹೇಳುವವನು ಎಂಬ ಹೆಸರಿತ್ತಲ್ಲ, ಅದು ಹೋಗುತ್ತಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನೂ ಇಲ್ಲ.

"ಬ್ರೇಕು ಸರಿ ಇದೆ ಅಂದ್ಮೇಲೆ ಮತ್ತೆ ಎಂತ ಕೇಳದು" ಅಂದರು ಭಾವ.

ರಿಪೇರಿಗೆ ಅಕ್ಕನ ಹತ್ತಿರ ದುಡ್ಡಿರಲಿಲ್ಲ. ಮನೆಯ ದುಡ್ಡು ಕೇಳಿದ ದಿನ ಕಾರು ಹೋಯಿತು ಎಂದು ಮೊದಲೇ ಮಾತಾಗಿತ್ತು. ಕೈಯ ಪ್ಲಾಸ್ಟರ್ ಬಿಚ್ಚುವ ಮೊದಲೇ ಅದನ್ನು ಇದ್ದ ಹಾಗೇ ಯಾರಿಗೋ ಮಾರಿದರು. ಆ ರಾತ್ರಿಯೇನೂ ನಾನು ನಿದ್ದೆಗೆಡಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಪೋಸ್ಟಿನ ಕೊನೆಯ ನಾಲ್ಕು ಸಾಲು ಅಷ್ಟರಲ್ಲಿ ಅಳಿಸಿದ್ದೆ. ಗ್ಯಾರೇಜಿನಿಂದ ಬಂದ ದಿನವೇ, ಕಾರಿನಿಂದ ಇಳಿಯುವ ಮೊದಲೇ.

ಹತ್ತು ತಿಂಗಳಾದ ಮೇಲೆ, ಅಕ್ಕನ ಮಣಿಕಟ್ಟು ಇನ್ನೂ ಪೂರ್ತಿ ತಿರುಗುವುದಿಲ್ಲವೆಂದು ಕಾರ್ಕಳದ ಡಾಕ್ಟರಿಗೆ ತೋರಿಸಲು ನಾನೇ ಕರೆದುಕೊಂಡು ಹೊರಟೆ. ಟ್ಯಾಂಕು ಎಂದಿನ ಹಾಗೆ ಕೆಳಗೆ ತುಂಬಿಸುವ ಲೆಕ್ಕದಲ್ಲಿ ತಳ ಕಾಣುತ್ತಿತ್ತು. ಕುದುರೆಮುಖ ದಾಟಿ ಘಟ್ಟ ಇಳಿಯುವಾಗ ಅವಳು ಕಿಟಕಿ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು.

"ಗೇರಲ್ಲೇ ಇಳಿಸ್ತಿದೀಯ."

"ಹೂಂ."

"ಯಾವಾಗಿಂದ?"

ಯೋಚನೆ ಮಾಡದೆ ಗ್ಯಾರೇಜಿಗೆ ಹೋದ ದಿನದಿಂದ ಅಂದುಬಿಟ್ಟೆ.  ಎರಡು ತಿರುವು ಕಳೆಯಿತು.

"ಹಂಗಾರೆ ಅವತ್ತೇ ಗೊತ್ತಾಗಿತ್ತು ನಿಂಗೆ. ನೀನು ಬರ್ದಿದ್ದು ಅಳ್ಸಿದ್ದೂ ನೋಡ್ದೆ. ಇವತ್ತಲ್ಲ ನಾಳೆ ಭಾವನ್ ಹತ್ರ ಹೇಳ್ತಾನೆ ಅಂತ ಕಾದೆ. ಕಾರು ಮಾರೋ ದಿನದವರ್ಗೂ ಕಾದೆ ಕಣೋ."

ನೀನೇ ಹೇಳಬಹುದಿತ್ತಲ್ಲ ಎಂದೆ. ಎಷ್ಟು ನಾಚಿಕೆಗೇಡಿನ ಮಾತು ಅದು, ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು.

"ನಾನು ಹೇಳಿದ್ರೆ ತಮ್ಮನ್ ಮೇಲೆ ಹಾಕ್ತಾಳೆ ಅಂತಿದ್ರು. ನೀನೇ ಹೇಳಿದ್ರೆ ಕಾರು ನಿಲ್ತಿತ್ತು. ಹೋಗ್ಲಿ, ರಸ್ತೆ ನೋಡು."

ವಾಪಸ್ಸು ಬರುವಾಗ ಕೆಳಗಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದೆ. ಮೀಟರು ಸೊನ್ನೆ ನೋಡಿದೆಯಾ ಎಂದು ಅಕ್ಕ ಕೇಳಿದಳು, ನಗದೆ.

ಸಂಸೆ ಮುಟ್ಟುವಾಗ ಸಂಜೆ ಐದು. ಭಾವ ಅಂಗಳದಲ್ಲಿ ಮೆಣಸು ಚೀಲಕ್ಕೆ ತುಂಬುತ್ತಿದ್ದರು. ಅಕ್ಕ ಒಳಗೆ ಹೋದ ಮೇಲೆ ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕಲಿಸಿದ್ದು ನಾನು, ಬ್ರೇಕು ಹಿಡಿಯುತ್ತದೆಯೇ ಎಂದು ಅವಳು ಕೇಳಿದ್ದು, ನಾನು ನಕ್ಕದ್ದು, ಮೆಕ್ಯಾನಿಕ್ ಹೇಳಿದ್ದು. ಅವಳ ಡ್ರೈವಿಂಗಿನಲ್ಲಿ ಒಂದು ತಪ್ಪೂ ಇರಲಿಲ್ಲ ಎಂದೂ ಹೇಳಿದೆ. ಭಾವ ಚೀಲದ ಬಾಯಿ ಕಟ್ಟಿ ಮುಗಿಸಿ ನನ್ನ ಭುಜ ತಟ್ಟಿದರು. ಕೋಪದ ಸುಳಿವೂ ಇರಲಿಲ್ಲ.

"ಅಕ್ಕನ್ ಪರ ಮಾತಾಡ್ದೆ ಇನ್ಯಾರ್ ಪರ ಮಾತಾಡ್ತೀಯ, ಒಳ್ಳೇದೇ. ಆದ್ರೆ ಹತ್ ತಿಂಗ್ಳು ಬಿಟ್ಟು ಈ ಕತೆ ಕಟ್ಟದು ಬೇಡ ಮಾರಾಯ. ಬಾ, ಕಾಫಿ ಕುಡಿ."

ನಂಬಲಿಲ್ಲ. ಆಣೆ ಹಾಕಿದೆ, ಅದಕ್ಕೂ ನಕ್ಕರು. ಅಡುಗೆ ಮನೆಯಲ್ಲಿ ಅಕ್ಕನಿಗೆ ಎಲ್ಲ ಕೇಳಿಸಿತ್ತು. ಎಡಗೈಯಲ್ಲಿ ಲೋಟ ತಂದು ನನ್ನ ಮುಂದಿಟ್ಟು ಹೋದಳು.

ಮೂರು ಹೋಂಸ್ಟೇಯವರೂ ಈಗ ಬೇರೆ ಕಡೆ ತಿಂಡಿ ಮಾಡಿಸುತ್ತಾರೆ. ಅಕ್ಕ ಮತ್ತೆ ಬಸ್ಸಿನಲ್ಲಿ ಕಳಸಕ್ಕೆ ಹೋಗುತ್ತಾಳೆ. ಅವಳ ಬಿಳಿ ಕಾರನ್ನು ಕೊಂಡವರು ರಿಪೇರಿ ಮಾಡಿಸಿ ಅದೇ ರಸ್ತೆಯಲ್ಲಿ ಓಡಿಸುತ್ತಾರೆ. ಎಡಗಡೆ ಬಾಗಿಲಿನ ಗುಳಿಯನ್ನು ಮಾತ್ರ ತೆಗೆಸಿಲ್ಲ, ಬಸ್ಸಿನ ಕಿಟಕಿಯಿಂದ ಗುರುತು ಹತ್ತುತ್ತದಂತೆ.

ನಾನು ಅಳಿಸುವ ಮೊದಲೇ ಆ ಪೋಸ್ಟನ್ನು ಫೋಟೋ ಹೊಡೆದಿಟ್ಟುಕೊಂಡವರು ಇನ್ನೂ ಹಂಚುತ್ತಿದ್ದಾರೆ. ಹೋದ ವಾರ ನನಗೇ ಬಂತು. ನಿಮಗೂ ಬಂದಿದ್ದರೆ, ಆ ಕೊನೆಯ ನಾಲ್ಕು ಸಾಲು ಸುಳ್ಳು. ಗೇರಿನಲ್ಲೇ ಇಳಿಸಿ. ಅವತ್ತು ಕಾರು ಬಿಡುತ್ತಿದ್ದವಳು ಏನೂ ತಪ್ಪು ಮಾಡಿರಲಿಲ್ಲ. ಆ ಪೋಸ್ಟ್ ಹಾಕಿದಲ್ಲೇ ಇದನ್ನೂ ಹಾಕುತ್ತಿದ್ದೇನೆ. ಓದಲೇಬೇಕಾದವರು ಭಾವ ಒಬ್ಬರು. ಅವರದು ಬಟನ್ ಫೋನು.