ಉಪ್ಪು ಎರಚಿದ ಮಣ್ಣು

ನಾನು ಮೀನು ತಿಂದಿದ್ದೇನೆ. ಜಪಾನಿನಲ್ಲಿ, ಅಲ್ಲಿಯ ಪೈಲ್ವಾನರ ಸಾಲಿನಲ್ಲಿ ಕುಳಿತು, ಅವರದೇ ಬಟ್ಟಲಿನಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಟಿಕೋಟಾದಲ್ಲಿ ಇನ್ನೂ ಕೆಲವರು "ಪಾಪ, ಗೊತ್ತಿಲ್ಲದ ತಿಂದಾನ" ಎಂದು ನನ್ನ ಪರವಾಗಿ ವಕಾಲತ್ತು ಮಾಡುತ್ತಾರೆ. ಅವರ ವಕಾಲತ್ತು ನನಗೆ ಬೇಡ. ಗೊತ್ತಿದ್ದೇ ತಿಂದೆ, ಬಟ್ಟಲು ಬಳಿದು ತಿಂದೆ.

ನಮ್ಮದು ಒಕ್ಕಲುತನದ ಮನೆ. ಊಟದ ಹೊತ್ತಿನಲ್ಲಿ ಮೀನು ಎಂಬ ಶಬ್ದ ಬಾಯಿಗೆ ಬಂದರೂ ಅವ್ವ ತಟ್ಟೆ ಸರಿಸಿ ಏಳುತ್ತಿದ್ದಳು. ನನ್ನ ಮೈ ಬೆಳೆದದ್ದು ಜೋಳದ ರೊಟ್ಟಿ, ಎಮ್ಮೆಯ ಹಾಲು, ನೆನೆಸಿದ ಕಡಲೆ, ಅವ್ವ ಕಡೆದ ಬೆಣ್ಣೆಯಿಂದ. ಹನ್ನೆರಡನೆಯ ವಯಸ್ಸಿಗೆ ಊರ ಗರಡಿ ಸೇರಿದೆ. ಒಂದು ಕತ್ತಲೆ ಕೋಣೆ, ನಡುವೆ ಮೊಣಕಾಲವರೆಗೆ ಕಾಲು ಹುಗಿಯುವ ಕೆಂಪು ಮಣ್ಣು. ನಮ್ಮ ಸೀಮೆಯದು ಕರಿಮಣ್ಣು. ಆ ಕೆಂಪು ಮಣ್ಣನ್ನು ದೂರದಿಂದ ಗಾಡಿಯಲ್ಲಿ ತರಿಸಿ, ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆರಸ ಕೂಡಿಸಿ ವಸ್ತಾದರು ಸ್ವಂತ ಕೈಯಿಂದ ಹದ ಮಾಡುತ್ತಿದ್ದರು. ಕುಸ್ತಿ ಕಲಿಸುವ ಗುರುವನ್ನು ನಮ್ಮ ಕಡೆ ವಸ್ತಾದರು ಎನ್ನುತ್ತೇವೆ. ಒಂದು ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಳ್ಳದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ; ಮೀನು, ಮಾಂಸ ತಿಂದವರು ಆ ಮಣ್ಣು ಮುಟ್ಟುವಂತೆಯೇ ಇರಲಿಲ್ಲ.

ಕಸರತ್ತು ಮುಗಿದ ಮೇಲೆ ಬಾದಾಮಿ, ಗಸಗಸೆ ಅರೆದ ಥಂಡಾಯಿ. ಎಲ್ಲರಿಗೂ ಒಂದೇ ಹಿತ್ತಾಳೆ ತಂಬಿಗೆ. ತುಟಿಗೆ ತಾಕಿಸದೆ ಎತ್ತಿ ಕುಡಿಯಬೇಕು. ಮೊದಲು ವಸ್ತಾದರು, ಆಮೇಲೆ ಹಿರಿತನದಂತೆ ಉಳಿದವರು. ನನ್ನ ಪಾಳಿ ಬರುವಷ್ಟರಲ್ಲಿ ತಳದ ಗಸಿ ಮಾತ್ರ ಉಳಿದಿರುತ್ತಿತ್ತು. ಏಳೆಂಟು ವರ್ಷದಲ್ಲಿ ನಾನು ಎರಡನೆಯ ಪಾಳಿಗೆ ಬಂದೆ. ವಿಜಾಪುರದ ಕುಸ್ತಿಯಲ್ಲಿ ಬೆಳ್ಳಿ ಕಡಗ ಗೆದ್ದು ತಂದ ದಿನ ವಸ್ತಾದರು ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದರು. ಅವರು ಹೊಗಳುತ್ತಿದ್ದದ್ದೇ ಹಾಗೆ.

ಪಲ್ಟಣ ಸೇರಿದ್ದು ಶುದ್ಧ ಸೊಕ್ಕಿನಿಂದ. ವಿಜಾಪುರದಲ್ಲಿ ಭರ್ತಿ ಮಾಡಿಕೊಳ್ಳುತ್ತಿದ್ದ ಸಾಹೇಬ ನನ್ನ ಎದೆಯ ಅಳತೆ ತೆಗೆದು, ನಂಬದೆ ಎರಡನೆಯ ಸಲ ತೆಗೆದು, ಶಿಳ್ಳೆ ಹಾಕಿದ. ಅಷ್ಟಕ್ಕೇ ಉಬ್ಬಿ ಸಹಿ ಹಾಕಿದೆ. ಯುದ್ಧ ಮುಗಿದ ಮೇಲೆ ಮನೆಗೆ ಕಳಿಸುತ್ತಾರೆಂದುಕೊಂಡರೆ, ಸೋತ ಜಪಾನನ್ನು ಕಾಯಲು ಹಡಗು ಹತ್ತಿಸಿದರು.

ನಮ್ಮನ್ನು ಇಳಿಸಿದ್ದು ಸಮುದ್ರದ ದಂಡೆಯ ಒಂದು ಸಣ್ಣ ಊರಿನ ಹತ್ತಿರ. ಒಂದು ರಜೆಯ ದಿನ ಗುಡಿಯ ಹಿಂದಿನಿಂದ ಧಪ್ ಧಪ್ ಎಂದು ನೆಲಕ್ಕೆ ಕಾಲು ಬಡಿಯುವ ಸಪ್ಪಳ ಕೇಳಿತು. ಹೋಗಿ ನೋಡಿದರೆ ಗಟ್ಟಿಸಿದ ಮಣ್ಣಿನ ಕಟ್ಟೆ, ಅದರ ಮೇಲೆ ಹುಲ್ಲಿನ ಹಗ್ಗ ಹೂತು ಮಾಡಿದ ದುಂಡನೆಯ ಗೆರೆ. ದಪ್ಪ ಬಟ್ಟೆಯ ಲಂಗೋಟಿ ಕಟ್ಟಿದ ಏಳೆಂಟು ಜನ. ಸುಮೋ ಪೈಲ್ವಾನರೆಂದರೆ ಗುಡಾಣದಂಥ ಹೊಟ್ಟೆಯವರೆಂದು ಪಲ್ಟಣದಲ್ಲಿ ಕೇಳಿದ್ದೆ. ಇವರ ಪಕ್ಕೆಲುಬು ಎಣಿಸಬಹುದಿತ್ತು. ಊರಿಗೆ ಊರೇ ಹಸಿದಿದ್ದ ವರ್ಷ ಅದು.

ಅವರ ವಸ್ತಾದನಂತಿದ್ದ ಮುದುಕನೊಬ್ಬ ಒಂದು ಹಿಡಿ ಉಪ್ಪು ತೆಗೆದು ಮಣ್ಣಿನ ಮೇಲೆ ಎರಚಿದ. ಹೆಂಗಸರು ಆಗ ಅಲ್ಲಿ ಸಮುದ್ರದ ನೀರು ಹೊತ್ತು ತಂದು ಅಡಿಗೆ ಮಾಡುತ್ತಿದ್ದರು, ಉಪ್ಪಿಗೆ ಅಷ್ಟು ತತ್ವಾರ. ಆದರೂ ಮಣ್ಣಿನ ಪಾಲು ಮಣ್ಣಿಗೆ ಕೊಟ್ಟರು. ನನಗೆ ಟಿಕೋಟಾದ ಗರಡಿಯಲ್ಲಿ ನಿಂತಹಾಗಾಯಿತು. ಬೂಟು ಬಿಚ್ಚಿ, ಕಟ್ಟೆಯ ಅಂಚಿನ ಮಣ್ಣು ಚಿವುಟಿ ಹಣೆಗೆ ಹಚ್ಚಿಕೊಂಡೆ. ಅದು ರೂಢಿಯಿಂದ ತಾನಾಗಿ ಆದದ್ದು. ಮುದುಕ ನೋಡಿದ. ನಾನು ಅವರನ್ನು ಸೋಲಿಸಿದ ಸೈನ್ಯದವ, ಹೋಗು ಎಂದಿದ್ದರೆ ಹೋಗಬೇಕಾಗಿತ್ತು. ಅವನು ಬಾ ಎಂದು ಕೈಮಾಡಿದ.

ಅವರಲ್ಲೊಬ್ಬನ ಜೊತೆ ಕುಸ್ತಿ ಹಿಡಿದೆ. ಮೊಣಕಾಲೂರಿ ಅವನ ಕಾಲಿಗೆ ಕೈಹಾಕಿ, ಎತ್ತಿ, ಬೆನ್ನ ಮೇಲೆ ಕೆಡವಿ, ಭುಜ ಒತ್ತಿ, ಗೆದ್ದೆನೆಂದು ಕುಣಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕ ನನ್ನ ಮೊಣಕಾಲಿನ ಮಣ್ಣು ತೋರಿಸಿದ, ಆಮೇಲೆ ಹಗ್ಗದ ಗೆರೆ ತೋರಿಸಿದ. ಅಂಗಾಲು ಬಿಟ್ಟು ಮೈಯ ಯಾವ ಭಾಗ ನೆಲ ಮುಟ್ಟಿದರೂ ಸೋಲು, ಗೆರೆ ದಾಟಿದರೂ ಸೋಲು. ನಾನು ಎದುರಾಳಿಯನ್ನು ಎತ್ತುವ ಮೊದಲೇ ಸೋತಿದ್ದೆ. ಅಂದಿನಿಂದ ಪ್ರತಿ ರಜೆಗೂ ಅಲ್ಲಿಗೇ ಹೋದೆ. ಅಂಗೈಯಿಂದ ಎದೆಗೆ ನೂಕಿ ಗೆರೆ ದಾಟಿಸುವುದನ್ನು ಕಲಿತೆ.

ಅಲ್ಲಿಯವರ ಕೈಯಲ್ಲಿ ಉಣ್ಣಬಾರದೆಂದು ಪಲ್ಟಣದ ಹುಕುಂ ಇತ್ತು. ಒಂದು ದಿನ ಕಸರತ್ತು ಮುಗಿದಾಗ ಅವರು ದೊಡ್ಡ ಪಾತ್ರೆಯ ಸುತ್ತ ಕುಳಿತರು. ಮೂಲಂಗಿ, ಅದರ ಸೊಪ್ಪು, ಗೆಣಸಿನ ಹೋಳು, ಬೆರಳುದ್ದದ ನಾಲ್ಕೈದು ಮೀನು, ಉಳಿದದ್ದೆಲ್ಲ ನೀರು. ಅಲ್ಲಿಯೂ ಹಿರಿಯ ಮೊದಲು ಉಣ್ಣಬೇಕು, ಕಿರಿಯರು ಕಾಯಬೇಕು. ಮುದುಕ ಸೌಟು ಎತ್ತಿ ಮೊದಲ ಬಟ್ಟಲು ತುಂಬಿದ, ಒಂದು ಇಡೀ ಮೀನು ಹಾಕಿದ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದ. ಕಿರಿಯರ ಕಣ್ಣು ಆ ಮೀನಿನ ಮೇಲಿತ್ತು. ಬೇಡ ಎಂದಿದ್ದರೆ ಅವರಲ್ಲೊಬ್ಬನ ಹೊಟ್ಟೆಗೆ ಹೋಗುತ್ತಿತ್ತು, ನಿಜ. ಆದರೆ ಆ ಕೈಗಳನ್ನು ಹಿಂದಕ್ಕೆ ಕಳಿಸುವುದು ನನ್ನಿಂದಾಗಲಿಲ್ಲ. ಬಟ್ಟಲು ತೆಗೆದುಕೊಂಡೆ, ತಿಂದು ಮುಗಿಸಿದೆ. ಮರುವಾರ ನನ್ನ ಪಾಲಿನ ಬೇಳೆ, ಅಕ್ಕಿ ಹೊತ್ತುಕೊಂಡು ಹೋದೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಬೇಸಿಗೆಯಲ್ಲಿ ಊರಿಗೆ ಮರಳಿದೆ. ಮನೆಗೂ ಹೋಗದೆ ಟ್ರಂಕು ಕಟ್ಟೆಯ ಮೇಲಿಟ್ಟು ಗರಡಿಯ ಬಾಗಿಲಿಗೆ ನಿಂತೆ. ವಸ್ತಾದರಿಗೆ ಎಲ್ಲ ಹೇಳಿದೆ: ಉಪ್ಪು, ಹಗ್ಗ, ಮುದುಕ, ಮೊದಲ ಬಟ್ಟಲು. ಅವರು ಕಣ್ಣರಳಿಸಿ ಕೇಳುತ್ತಿದ್ದವರು ಒಮ್ಮೆಲೇ ತಡೆದರು.

"ಆ ಬಟ್ಟಲದಾಗ ಏನಿತ್ತಲೇ?"

"ಮೀನರಿ."

"ಗೊತ್ತಿಲ್ಲದ ಉಂಡಿ, ಹೌದಿಲ್ಲೋ?"

"ಗೊತ್ತಿದ್ದ ಉಂಡೇನ್ರಿ."

ಗರಡಿಯಲ್ಲಿ ಕೂತೆದ್ದು ಬೈಠಕ ಹೊಡೆಯುತ್ತಿದ್ದವರೆಲ್ಲ ನಿಂತರು. ವಸ್ತಾದರು ಹೊಸ್ತಿಲಿಗೆ ಅಡ್ಡ ಬಂದು ನಿಂತು ಹೇಳಿದರು: "ತಲಿ ಬೋಳಿಸ್ಕೊ. ಬಾವ್ಯಾಗ ಮುಳುಗೇಳು. ಆಮ್ಯಾಲ ಇಲ್ಲೇ ನಿಂತು, ಹೊಲಸು ತಿಂದೆ, ತಪ್ಪಾತು ಅನ್ನು. ಮೂರೂ ಆದ ಮ್ಯಾಲ ಮಣ್ಣ ಮುಟ್ಟು. ಅಲ್ಲೀ ತನಕಾ ಈ ಕಡೆ ಹಾಯಬ್ಯಾಡ."

ಒಂದು ತಾಸಿನಲ್ಲಿ ಬೋಳುತಲೆ, ಒದ್ದೆ ಧೋತರದಲ್ಲಿ ಮತ್ತೆ ಬಂದು ನಿಂತೆ. "ಎರಡ ಆದೂರಿ. ಮೂರನೇದು ಆಗೂದಿಲ್ಲ. ಅದು ಹೊಲಸಲ್ರಿ. ಹಸದವರು ಬಾಯಾಗಿಂದು ತಗದು ಕೊಟ್ಟದ್ದು." ವಸ್ತಾದರು ನನ್ನ ತಲೆ ನೋಡಿದರು, ಕೆಳಗೆ ಸೋರುತ್ತಿದ್ದ ನೀರು ನೋಡಿದರು, ಬಾಗಿಲು ಹಾಕಿಕೊಂಡರು.

ಅವ್ವ ತಿಂಗಳುಗಟ್ಟಲೆ ಒಂದೇ ಹಾಡು ಹಾಡಿದಳು. "ಯಪ್ಪಾ, ತಪ್ಪಾತು ಅಂದ್ರ ನಿನ್ನ ಗಂಟೇನು ಹೋಗ್ತೈತಿ? ಬಾಯಿಮಾತಿಗೆ ಅಂದುಬಿಡು." ಬಾಯಿಮಾತೆಂದೇ ಅನ್ನಲಾರೆ ಎಂದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಗೋಧಿ ರವೆಯ ಸಜ್ಜಕಕ್ಕೆ ತುಪ್ಪ ಸುರಿಯುವುದರಲ್ಲಿ ಅವಳು ಒಂದು ದಿನವೂ ಕೈ ಬಿಗಿಹಿಡಿಯಲಿಲ್ಲ. ನಾನು ಹೊಲದ ಕರಿಮಣ್ಣಿನಲ್ಲಿ ಒಬ್ಬನೇ ದಂಡ, ಬೈಠಕ ಹೊಡೆದೆ. ಮೈ ಗಟ್ಟಿಯಾಗಿಯೇ ಇತ್ತು, ಆದರೆ ಹಿಡಿಯಲು ಇನ್ನೊಂದು ಮೈ ಇಲ್ಲ. ಶತ್ರುವಿನ ಮಣ್ಣು ನನ್ನನ್ನು ಒಳಗೆ ಕರೆದಿತ್ತು, ನನ್ನ ಊರಿನದು ಹೊರಗೆ ನಿಲ್ಲಿಸಿತ್ತು. ಆ ಸಂಕಟಕ್ಕೆ ಎಷ್ಟೋ ದಿನ ಬದುವಿನ ಮೇಲೆ ಕುಳಿತು ಅತ್ತಿದ್ದೇನೆ.

ಶ್ರಾವಣ ಬಂತು. ನಾಗರ ಪಂಚಮಿಗೆ ಬಬಲೇಶ್ವರದಲ್ಲಿ ಕುಸ್ತಿ. ಅವ್ವ ಬೇಡವೆಂದಳು, ನಾನು ಬೆಳಗಾಗುತ್ತಲೇ ನಡೆದು ಹೊರಟೆ. ಅಲ್ಲಿ ಜೋಡಿ ಕೂಡಿಸುವ ಪದ್ಧತಿ ಸರಳ. ಪೈಲ್ವಾನ ಕೈಯೆತ್ತಿ ಕಣದ ಸುತ್ತ ನಡೆಯುತ್ತಾನೆ; ಅವನ ಜೊತೆ ಹಿಡಿಯುವವ ಎದ್ದು ಬಂದು ಆ ಕೈ ಹಿಡಿಯುತ್ತಾನೆ. ನಾನು ಹಣೆಗೆ ಮಣ್ಣು ಹಚ್ಚಿಕೊಂಡು ಕೈಯೆತ್ತಿದೆ. ತಮಟೆಯಂಥ ಹಲಗಿ ವಾದ್ಯಗಳು ಮೊಳಗುತ್ತಿದ್ದವು. ಒಂದು ಸುತ್ತು ಆಯಿತು. ನಿಡೋಣಿಯ ಪೈಲ್ವಾನ, ಮೊದಲೆಲ್ಲ ನನ್ನನ್ನು ಕಂಡರೆ ತೊಡೆ ತಟ್ಟುತ್ತಿದ್ದವ, ಕಾಲ್ಬೆರಳು ನೋಡುತ್ತ ಕುಳಿತ. ಬಿಜ್ಜರಗಿಯವರು, ಕನಮಡಿಯವರು ಯಾರೂ ಏಳಲಿಲ್ಲ. ಸುದ್ದಿ ನನಗಿಂತ ಮೊದಲೇ ಎಲ್ಲ ಊರು ಸುತ್ತಿತ್ತು. ಎರಡನೆಯ ಸುತ್ತಿಗೆ ಹಲಗಿ ನಿಂತವು. ಮೂರನೆಯದಕ್ಕೆ ಯಾರೋ "ಕೈ ಇಳಸೋ, ನೋಯ್ತೈತಿ" ಎಂದು ನಗಿಸಿದರು. ನಾನು ಇಳಿಸಲಿಲ್ಲ. ನಾಲ್ಕನೆಯ ಸುತ್ತಿಗೆ ಕಾಲೆತ್ತಿದೆ.

ಯಾರೋ ಬಂದು ಕೈ ಹಿಡಿದರು. ತಿರುಗಿದರೆ ವಸ್ತಾದರು. ಅರವತ್ತು ದಾಟಿದ ಮನುಷ್ಯ, ತಲೆಗೆ ಸುತ್ತಿದ ಪಟಗ ತೆಗೆದು ಪಕ್ಕದವನ ಕೈಗೆ ಕೊಟ್ಟು, ಅಂಗಿ ಬಿಚ್ಚಿ ಕಣಕ್ಕಿಳಿದಿದ್ದರು. "ನನ್ನ ಹುಡುಗನ ಸೊಕ್ಕು ನಾನ ಇಳಸ್ತೇನಿ" ಎಂದು ಮಂದಿಗೆ ಕೇಳುವಂತೆ ಹೇಳಿದರು. ಮಣ್ಣು ಬಾಚಿ ನನ್ನ ಕುತ್ತಿಗೆಗೆ, ತೋಳಿಗೆ ತಿಕ್ಕಿದರು. ಹಿಡಿತ ಜಾರದಿರಲೆಂದು ಎಲ್ಲರೂ ಎದುರಾಳಿಗೆ ಹಾಗೆ ತಿಕ್ಕುತ್ತಾರೆ. ನನ್ನ ಮೈಗೆ ಇನ್ನೊಬ್ಬರ ಕೈ ತಾಗಿ ತಿಂಗಳುಗಳಾಗಿದ್ದವು.

ಕೊರಳಿಗೆ ಕೈಹಾಕಿ ಹಣೆಗೆ ಹಣೆ ಹಚ್ಚಿದಾಗ ಅವರು ನನಗಷ್ಟೇ ಕೇಳುವಂತೆ, "ಈಗರ ತಪ್ಪಾತು ಅನ್ನಲೇ" ಎಂದರು.

"ಇಲ್ರಿ."

ಸಿಟ್ಟು ನೆತ್ತಿಗೇರಿತ್ತು. ಎರಡೂ ಅಂಗೈ ಅವರ ಎದೆಗೆ ಕೊಟ್ಟು ನೂಕಿದೆ. ಹೆಜ್ಜೆ ಹೆಜ್ಜೆಗೆ ಹಿಂದಕ್ಕೆ ಸರಿಸುತ್ತ ಹೋದೆ. ಅವರ ಹಿಮ್ಮಡಿ ಕಣದ ಅಂಚು ದಾಟಿತು. ನಾನು ನಿಂತೆ. ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ತಲೆಬಾಗಿ ನಮಸ್ಕಾರ ಮಾಡಿದೆ. ಗೆದ್ದವ ಹಾಗೆ ಮಾಡಬೇಕು, ಆ ದೇಶದಲ್ಲಿ. ಬಬಲೇಶ್ವರದಲ್ಲಿ ಅಲ್ಲ; ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದ ಮೇಲಷ್ಟೇ ಕುಸ್ತಿ ಮುಗಿಯುವುದು. ಬಾಗಿದ ಕುತ್ತಿಗೆ ಕೈಗೆ ಸಿಕ್ಕರೆ ಯಾವ ವಸ್ತಾದ ಬಿಡುತ್ತಾನೆ? ಒಂದೇ ಸೆಳೆತಕ್ಕೆ ನಾನು ಕಣದ ಅಂಚಿನಲ್ಲೇ ಬೆನ್ನ ಮೇಲೆ ಬಿದ್ದಿದ್ದೆ. ಹಲಗಿ ಎದ್ದವು, ಜನ ಬಿದ್ದು ಬಿದ್ದು ನಕ್ಕರು.

ವಸ್ತಾದರು ನನ್ನ ಎದೆಯ ಮೇಲೆ ಕುಳಿತು ಏದುಸಿರು ಬಿಡುತ್ತ ಕೇಳಿದರು: "ಹುಚ್ಚಪ್ಯಾಲಿ, ಯಾಕ ನಿಂತಿ? ಅಲ್ಲೆ ಹಿಂಗ ಗೆಲ್ತಾರೇನು?"

"ಹೌದ್ರಿ. ಗೆರಿ ದಾಟಿಸಿದ್ರ ಮುಗೀತ್ರಿ."

"ಹಂಗಾರ ಅವರ ಲೆಕ್ಕದಾಗ ನಾ ಸೋತೇನಿ" ಎಂದು ಗೊಣಗಿ ಎದ್ದರು.

ಟಿಕೋಟಾದ ಹುಡುಗರು ಥಂಡಾಯಿಯ ತಂಬಿಗೆ ತಂದರು. ಮೊದಲ ಪಾಳಿ ವಸ್ತಾದರದು. ಅವರು ಅದನ್ನು ಕೈಗೆ ತೆಗೆದುಕೊಂಡು, ನನ್ನ ಕಡೆ ಚಾಚಿದರು. ಎರಡೂ ಕೈಯಿಂದ.

"ನಾ ಇನ್ನೂ ತಪ್ಪಾತು ಅಂದಿಲ್ರಿ" ಎಂದೆ.

"ಈಗ ಯಾರು ಕೇಳ್ಯಾರಲೇ ನಿನ್ನ? ಕುಡಿ."

ನನ್ನ ಹಟ ಇನ್ನೂ ಇಳಿದಿರಲಿಲ್ಲ. ತಂಬಿಗೆಯನ್ನು ಎತ್ತಿ ಕುಡಿಯಲಿಲ್ಲ, ಬಾಯಿಗೆ ಕಚ್ಚಿ ಕುಡಿದೆ, ಮೀನು ತಿಂದ ಅದೇ ಬಾಯಿಯಿಂದ, ಎಲ್ಲರಿಗೂ ಕಾಣುವಂತೆ. ವಸ್ತಾದರು ಕೈಚಾಚಿ ತಂಬಿಗೆ ಇಸಿದುಕೊಂಡರು. ಹುಡುಗರು ಹೊದಿಸಿದ ಟವೆಲ್ಲು ಹೆಗಲ ಮೇಲಿತ್ತು, ಅದರಿಂದ ಹಣೆಯ ಬೆವರು ಒರೆಸಿಕೊಂಡರು. ತಂಬಿಗೆಯ ಅಂಚು ಒರೆಸಲಿಲ್ಲ. ನಾನು ಬಾಯಿ ಹಚ್ಚಿದ ಕಡೆಯೇ ಬಾಯಿ ಹಚ್ಚಿ ಕುಡಿದು, ಮುಂದಿನವನ ಕೈಗೆ ಕೊಟ್ಟರು.