ಸೂತಕದ ಮನೆಯ ಕ್ರಿಸ್‌ಮಸ್

ಮೊನ್ನೆ ಸಂಜೆ ಕರೆಂಟ್ ಹೋಗಿ ಬಂದಾಗ ಮೊಮ್ಮಗಳು ಮೇಣದ ಬತ್ತಿಯನ್ನು ಉಫ್ ಎಂದು ಊದಿದಳು. ಆರಿದ ಬತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಭಾವ ನೆನಪಾದರು, ಅಕ್ಕನ ಗಂಡ. ನೆನಪಾದದ್ದಷ್ಟೇ ಅಲ್ಲ, ಈ ವಯಸ್ಸಿನಲ್ಲೂ ನಾಚಿಕೆಯಿಂದ ಮುಖ ಬಿಸಿಯಾಯಿತು. "ಯಾಕಜ್ಜಿ?" ಎಂದಳು ಹುಡುಗಿ. ಏನಿಲ್ಲ ಎಂದೆ.

ಭಾವ ಬಳ್ಳಾರಿಯವರು. ಮದರಾಸು ಸರ್ಕಾರದ ಕಾಲದಲ್ಲಿ ರಾಯದುರ್ಗದ ಹೈಸ್ಕೂಲಿಗೆ ಲೆಕ್ಕದ ಮೇಷ್ಟ್ರಾಗಿ ವರ್ಗವಾಗಿ ಬಂದರು. ದೇವರಿಲ್ಲ ಎನ್ನುವವರು. ಹಾಗೆಂದು ಬೀದಿಯಲ್ಲಿ ನಿಂತು ಕೂಗಿದವರಲ್ಲ. ಬಾಡಿಗೆ ಮನೆಯ ದೇವರ ಗೂಡಿನಲ್ಲಿ ತಮ್ಮ ಕ್ಷೌರದ ಸಾಮಾನು ಇಟ್ಟುಕೊಂಡಿದ್ದರು, ಅಷ್ಟೆ. ಉಂಡ ತಟ್ಟೆಯನ್ನು ತಾವೇ ತೊಳೆಯುತ್ತಿದ್ದರು. ಆ ಕಾಲಕ್ಕೆ ಅದು ದೇವರಿಲ್ಲ ಎನ್ನುವುದಕ್ಕಿಂತ ದೊಡ್ಡ ಸುದ್ದಿ. ಆದರೆ ಹಬ್ಬದ ಮಾತು ಬಂದರೆ ಮಾತ್ರ ಜಗ್ಗುತ್ತಿರಲಿಲ್ಲ. "ದೇವರಿಲ್ಲದ ಮನ್ಯಾಗ ಹಬ್ಬ ಯಾರಿಗೆ ಮಾಡೂದು?" ಎನ್ನುವರು. ಅಕ್ಕ ಎದುರಾಡುವವಳಲ್ಲ. ಮಡಕಶಿರಾ ಕಡೆಯ ನಮ್ಮ ಹಳ್ಳಿಯಲ್ಲಿ ಬಾಗಿಲ ತುಂಬ ರಂಗೋಲಿ ಬಿಟ್ಟು ಬೆಳೆದವಳು, ಇಲ್ಲಿ ಬರೀ ನೀರು ಚಿಮುಕಿಸಿ ಒಳಗೆ ಬರುತ್ತಿದ್ದಳು.

ಅಕ್ಕ ಬಸುರಿ. ನಮಗೆ ತಾಯಿ ಇರಲಿಲ್ಲವಾದ್ದರಿಂದ ನಾನೇ ಗಂಡನ ಮನೆಯಲ್ಲಿ ಹೇಳಿ ಬಾಣಂತನಕ್ಕೆಂದು ಮುಂಚಿತವಾಗಿ ಬಂದಿದ್ದೆ. ಅಕ್ಕ, ಭಾವ ಆ ಕೇರಿಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅಷ್ಟರಲ್ಲೇ ದೀಪಾವಳಿ ಬಂತು.

ಅಂದು ಕೇರಿಗೆ ಕೇರಿಯೇ ದೀಪ ಹಚ್ಚಿದೆ, ನಮ್ಮ ಮನೆಯೊಂದೇ ಕತ್ತಲು. ರಂಗೋಲಿಯಿಲ್ಲ, ತೋರಣವಿಲ್ಲ. ನಮ್ಮ ಕಡೆ ಹಬ್ಬದ ದಿನ ಬಾಗಿಲು ಬೋಳಾಗಿದ್ದರೆ ಅದಕ್ಕೆ ಒಂದೇ ಅರ್ಥ: ಆ ಮನೆಯಲ್ಲಿ ಸಾವಾಗಿದೆ, ವರ್ಷ ತುಂಬುವ ತನಕ ಹಬ್ಬವಿಲ್ಲ. ಎದುರು ಮನೆಯ ಹಿರಿಯಮ್ಮ ಇಬ್ಬರು ಹೆಂಗಸರನ್ನು ಜೊತೆ ಮಾಡಿಕೊಂಡು, ಸೆರಗು ಬಾಯಿಗಿಟ್ಟುಕೊಂಡೇ ಒಳಗೆ ಬಂದರು. ಭಾವ ಮನೆಯಲ್ಲಿರಲಿಲ್ಲ.

"ಯಾಕವ್ವಾ, ಯಾರು ಹೋದ್ರು?" ಎಂದರು, ಅಕ್ಕನ ತಲೆ ಸವರಿ.

ಅಕ್ಕ ನನ್ನ ಮುಖ ನೋಡಿದಳು. ನನ್ನ ಗಂಡ ದೇವರನ್ನು ನಂಬುವುದಿಲ್ಲ ಎಂದು ಹೊಸ ಕೇರಿಯಲ್ಲಿ ಹೇಳಿಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ. ನೆಲ ನೋಡುತ್ತ, "ಇವ್ರ ದೊಡ್ಡಪ್ಪ ತೀರ್ಕಂಡ್ರು... ಆದವಾನಿಯಾಗೆ" ಅಂದುಬಿಟ್ಟಳು. ಭಾವನಿಗೆ ದೊಡ್ಡಪ್ಪನೇ ಇರಲಿಲ್ಲ. ಅವರ ಅಪ್ಪನೇ ಮನೆಗೆ ಹಿರಿಯ. ಇಲ್ಲದ ಆ ದೊಡ್ಡಪ್ಪನಿಗಾಗಿ ಹಿರಿಯಮ್ಮ ಕಣ್ಣೊರೆಸಿಕೊಂಡರು, ವಯಸ್ಸೆಷ್ಟಾಗಿತ್ತು ಎಂದು ಕೇಳಿದರು. ಅವರು ಹೋದ ಮೇಲೆ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ನಗುತ್ತಲೇ ಅಕ್ಕ ಅತ್ತಳು. ಭಾವನಿಗೆ ಈ ವಿಷಯ ಹೇಳಲಿಲ್ಲ.

ಡಿಸೆಂಬರ್ ಬಂತು. ಒಂದು ಸಂಜೆ ಭಾವ ಬಿದಿರಿನ ಸೀಳು, ಕೆಂಪು ಕಾಗದ, ಮೇಣದ ಬತ್ತಿಗಳನ್ನು ಹಿಡಿದುಕೊಂಡು ಬಂದರು. ನಕ್ಷತ್ರ ಕಟ್ಟುತ್ತೇನೆ ಎಂದರು. ನಾವು ತಬ್ಬಿಬ್ಬಾದೆವು. ಮದರಾಸಿನಲ್ಲಿ ಓದುವಾಗ ಅವರ ಗೆಳೆಯರಲ್ಲಿ ಹೆಚ್ಚಿನವರು ಕ್ರೈಸ್ತರಂತೆ; ಪ್ರತಿ ವರ್ಷ ಎಲ್ಲ ಸೇರಿ ಕ್ರಿಸ್‌ಮಸ್ ಮಾಡುತ್ತಿದ್ದರಂತೆ. ಅಂಟು ಹಚ್ಚುತ್ತ ಅವರು ಅಂದು ಆಡಿದಷ್ಟು ಮಾತನ್ನು ನಾನು ಮತ್ತೆಂದೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ತಮ್ಮನಿಗೆ ತಿಂಗಳುಗಟ್ಟಲೆ ಜ್ವರ ಬಿಡದಿದ್ದಾಗ ಅವರ ತಾಯಿ ಹಬ್ಬಹಬ್ಬಕ್ಕೂ ಹರಕೆ ಹೊತ್ತು, ಉಪವಾಸ ಬಿದ್ದು, ಕೊನೆಗೂ ಆ ಮಗುವನ್ನು ಕಳೆದುಕೊಂಡಿದ್ದರು. "ನಮ್ಮ ಹಬ್ಬ ಬಂತಂದ್ರ ನನಗ ಅವ್ವ ಅಳೂದಾ ಕೇಳತೈತಿ. ಇದರಾಗ ಅಂಥಾದ್ದೇನಿಲ್ಲ. ನನಗ ಇದು ದೇವರ ಹಬ್ಬ ಅಲ್ಲ, ಗೆಳೆಯರ ಹಬ್ಬ" ಎಂದರು.

ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ಅವ್ರಬ್ಬಕ್ಕೆ ಅವ್ರ ದೇವ್ರು ಇಲ್ವಾ? ನಮ್ಮಬ್ಬ ಏನು ತಪ್ಪು ಮಾಡಿತ್ತು?"

ಭಾವನ ಕೈ ನಿಂತಿತು. ಆಮೇಲೆ ಮತ್ತೆ ನಕ್ಷತ್ರಕ್ಕೆ ಕಾಗದ ಅಂಟಿಸತೊಡಗಿದರು. ಹೆರಿಗೆ ಆಸ್ಪತ್ರೆಯ ನರ್ಸಮ್ಮನನ್ನು ಆಗಲೇ ಹಬ್ಬಕ್ಕೆ ಮನೆಗೆ ಕರೆದಿದ್ದರು. ಆಕೆ ಕ್ರೈಸ್ತರು, ಅಕ್ಕನನ್ನು ನೋಡಲು ಆಗಾಗ ಬರುತ್ತಿದ್ದರು. ಊರಲ್ಲಿ ಎಲ್ಲರ ಮಕ್ಕಳನ್ನೂ ಆಕೆಯೇ ಎತ್ತಿಕೊಳ್ಳಬೇಕು, ಆಕೆ ಕೊಟ್ಟ ತಿಂಡಿ ಮಾತ್ರ ಯಾರಿಗೂ ಬೇಡ. ಭಾವ ಒಬ್ಬರೇ, "ಕರ್ಜಿಕಾಯಿ ಮಾಡಿ ತರ್ರಿ ಅಮ್ಮಾ, ನಾವು ತಿನ್ನೋರು" ಎಂದಿದ್ದರು. ಆಕೆಗೆ ಎಷ್ಟು ಸಂತೋಷವಾಗಿತ್ತೆಂದರೆ, ಬಾಗಿಲು ದಾಟಿದವರು ತಿರುಗಿ ಬಂದು, "ಖರೇನ ತಿಂತೀರಲ್ರಿ?" ಎಂದು ಕೇಳಿದ್ದರು.

ಕ್ರಿಸ್‌ಮಸ್ ದಿನ ಕತ್ತಲಾಗುತ್ತಲೇ ಭಾವ ನಕ್ಷತ್ರದೊಳಗೆ ಬತ್ತಿ ಹಚ್ಚಿ ಬಾಗಿಲಿಗೆ ತೂಗು ಹಾಕಿದರು. ಬೋಳು ಬಾಗಿಲು ಕೆಂಪಗೆ ಬೆಳಗಿತು. ನಿಜ ಹೇಳುತ್ತೇನೆ, ಬಹಳ ಚೆನ್ನಾಗಿತ್ತು. ಅಕ್ಕ ಕೂಡ ಒಂದು ಕ್ಷಣ ಎಲ್ಲ ಮರೆತು ನೋಡಿದಳು. ಅಷ್ಟರಲ್ಲಿ ಎದುರು ಮನೆಯ ಹಿರಿಯಮ್ಮ ಹೊರಗೆ ಬಂದರು, ಅವರ ಹಿಂದೆ ಉಳಿದವರು.

"ಇದೇನ್ರಿ ಮೇಷ್ಟ್ರ, ಸೂತಕದ ಮನ್ಯಾಗ ಹಬ್ಬ ಮಾಡ್ತೀರಿ? ದೊಡ್ಡಪ್ಪ ಹೋಗಿ ಇನ್ನಾ ವರ್ಷ ತುಂಬಿಲ್ಲಲ್ರಿ!"

"ಯಾರ ದೊಡ್ಡಪ್ಪ?" ಎಂದರು ಭಾವ.

"ನಿಮ್ಮ ದೊಡ್ಡಪ್ಪಾರೀ. ಆದವಾನ್ಯಾಗ ಹೋದ್ರಂತಲ್ಲ. ನಿಮ್ಮ ಹೇಣ್ತಿನಾ ಹೇಳಿದ್ರು."

ಭಾವ ತಿರುಗಿ ಅಕ್ಕನನ್ನು ನೋಡಿದರು. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಸುಳ್ಳೆಂದರೆ ಆಗದ ಮನುಷ್ಯ ಭಾವ, ಲೆಕ್ಕದಲ್ಲಿ ಹುಡುಗರು ಕದ್ದು ಬರೆದರೂ ಸಹಿಸುತ್ತಿರಲಿಲ್ಲ. ಈಗ ಅವರು ಒಂದು ಮಾತು ಆಡಿದ್ದರೆ ಅಕ್ಕ ಮತ್ತೆ ಆ ಕೇರಿಯಲ್ಲಿ ತಲೆಯೆತ್ತುವಂತಿರಲಿಲ್ಲ.

"ಹೌದ್ರಿ... ಮರತಿದ್ದೆ. ತಪ್ಪಾತು" ಎಂದರು ಭಾವ.

ಎಲ್ಲರ ಕಣ್ಣೆದುರಿಗೇ ನಕ್ಷತ್ರವನ್ನು ಇಳಿಸಿ ಬತ್ತಿ ಊದಿದರು. ಇನ್ನೇನು ಒಳಗೆ ಬರಬೇಕು, ಅಷ್ಟರಲ್ಲಿ ನರ್ಸಮ್ಮ ಬಂದರು. ಹೊಸ ಬಿಳಿ ಸೀರೆ, ಮಲ್ಲಿಗೆ ಹೂವು, ಕೈಯಲ್ಲಿ ಕಸೂತಿ ಬಟ್ಟೆ ಮುಚ್ಚಿದ ತಟ್ಟೆ. ಹಿರಿಯಮ್ಮ ಅಲ್ಲಿಂದಲೇ, "ಸಾವಿನ ಮನಿ ಐತವ್ವಾ, ಸಿಹಿ ತರಬಾರ್ದು" ಎಂದರು.

ನರ್ಸಮ್ಮ ಭಾವನನ್ನು ನೋಡಿದರು. "ಮೊನ್ನೆ ಬಂದಾಗ ಹೇಳಲಿಲ್ಲಲ್ರಿ ಮೇಷ್ಟ್ರ" ಎಂದರು. ಭಾವ ತಲೆ ತಗ್ಗಿಸಿದರು. ಆಕೆಗೆ ಏನು ಅರ್ಥವಾಯಿತೋ ಅದು ನನಗೂ ಆ ಕ್ಷಣವೇ ಅರ್ಥವಾಯಿತು. ತನ್ನ ತಿಂಡಿ ಬೇಡವೆನ್ನಲು ಇದೊಂದು ನೆವ, ಎಲ್ಲರಂತೆ ಇವರೂ ಎಂದುಕೊಂಡರು. "ಇರ್ಲಿ ಬಿಡ್ರಿ. ನನಗ ರೂಢಿ ಐತ್ರಿ" ಎಂದು ತಟ್ಟೆಯನ್ನು ಸೆರಗಿನೊಳಗೆ ಹಿಡಿದುಕೊಂಡು ಹೊರಟುಹೋದರು. ಹಿಂದೆ ಓಡಿ ಹೋಗಿ ನಿಜ ಹೇಳುತ್ತೇನೆಂದು ಭಾವ ಚಪ್ಪಲಿ ಮೆಟ್ಟಿದರು. ಅಕ್ಕ ಅವರ ಕೈ ಹಿಡಿದುಕೊಂಡಳು. "ಬ್ಯಾಡಿ... ಊರೆಲ್ಲ ಗೊತ್ತಾಯ್ತದೆ. ನಾನೆಂಗೆ ಮುಖ ತೋರ್ಸಲಿ?" ಭಾವ ಚಪ್ಪಲಿ ಕಳಚಿದರು. ಆ ರಾತ್ರಿ ಮೂವರಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ನರ್ಸಮ್ಮ ಹೆರಿಗೆಗೆ ಬಂದರು. ಗಂಡು ಮಗುವನ್ನು ಎತ್ತಿ, ಸ್ನಾನ ಮಾಡಿಸಿ ಅಕ್ಕನ ಮಗ್ಗುಲಲ್ಲಿ ಮಲಗಿಸಿದರು. ಕಾಫಿ ಕೊಟ್ಟರೆ ಬೇಡವೆಂದರು. ಕೆಲ ತಿಂಗಳಿಗೆ ಆಕೆಗೆ ಬೇರೆ ಊರಿಗೆ ವರ್ಗವಾಯಿತು, ಎಲ್ಲಿಗೆಂದು ಕೇಳುವ ಮುಖ ನಮಗಿರಲಿಲ್ಲ.

ಮುಂದಿನ ದೀಪಾವಳಿಗೆ ಭಾವ ತಾವೇ ಎಣ್ಣೆ, ಹಣತೆ ತಂದರು. ಗೂಡಿನಿಂದ ಕ್ಷೌರದ ಸಾಮಾನು ತೆಗೆದರು. ಅವರಿಗೆ ದೇವರ ಮೇಲೆ ನಂಬಿಕೆ ಬರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಅಕ್ಕ ದೀಪ ಹಚ್ಚುವಾಗ ಮಗುವನ್ನು ಎತ್ತಿಕೊಂಡು ಹೊರಗೆ ನಿಲ್ಲುತ್ತಿದ್ದರು. "ವರ್ಷ ತುಂಬಿತಲ್ರಿ, ಛಲೋ ಆತು" ಎಂದು ಹಿರಿಯಮ್ಮ ಹೇಳಿದಾಗ ಹೂಂ ಎಂದರಂತೆ. ಆ ಹೂಂ ಹೇಳುವಾಗಿನ ಅವರ ಮುಖವನ್ನು ಅಕ್ಕ ಎಷ್ಟೋ ವರ್ಷ ಮರೆಯಲಿಲ್ಲ. ಕ್ರಿಸ್‌ಮಸ್ಸಿನ ಹೆಸರನ್ನು ಮಾತ್ರ ಅವರು ಮತ್ತೆ ಎತ್ತಲಿಲ್ಲ. ಡಿಸೆಂಬರ್ ಬಂದರೆ ಶಾಲೆಯಿಂದ ತಡವಾಗಿ ಬರುತ್ತಿದ್ದರು...

ಭಾವ ಹೋದ ಮೇಲೆ ಅಕ್ಕ ಮಡಕಶಿರಾಕ್ಕೆ ಬಂದು ನನ್ನ ಜೊತೆಗೇ ಇದ್ದಳು. ಒಮ್ಮೆ, ಯಾವ ಮಾತೂ ಇಲ್ಲದಾಗ, "ಅವ್ರು ನನ್ನಬ್ಬ ನಂಗೆ ಕೊಟ್ರು. ಅವ್ರಬ್ಬಾನ ನಾನು ತಿರುಗಿ ಕೊಡ್ಲೇ ಇಲ್ಲ ಕಣೆ" ಎಂದಳು.

ಈಗ ಅಕ್ಕನೂ ಇಲ್ಲ. ನರ್ಸಮ್ಮನೂ ಇರಲಾರರು, ನಿಜ ತಿಳಿಯದೆಯೇ ಹೋಗಿರುತ್ತಾರೆ. ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ ಎಂದು ಬಲ್ಲವಳು ಇನ್ನು ನಾನೊಬ್ಬಳೇ.